ಹೆಸರು ಹಾಕಿದವನೇ ಹೊಣೆಗಾರ

(ಯುವಕರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ನಾನು ಅಚ್ಚುಕೂಟದವನು. ಓದಿದ್ದು ಪಿಯುಸಿ. ಕಂಪ್ಯೂಟರಿನ ಬಗ್ಗೆ ಇವನೇನು ಹೇಳಿಯಾನು ಎಂದು ನೀವು ಮೂಗು ಮುರಿಯಬಹುದು. ಮುರಿಯಿರಿ, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಕೇಳಿದ ಮೇಲೆ ಮುರಿಯಿರಿ!

ನಮ್ಮ ಕಸುಬಿನಲ್ಲಿ ಒಂದು ಕಟ್ಟಳೆ ಇದೆ. ಎಷ್ಟೇ ಸಣ್ಣ ಕರಪತ್ರವಾಗಲಿ, ಕೆಳಗೆ ಮುದ್ರಕನ ಹೆಸರು, ಊರು ಹಾಕಬೇಕು. 1867ರ ಕಾಯಿದೆಯ ಕಾಲದಿಂದ ಬಂದ ರೂಢಿ ಅದು. ತಪ್ಪು ಬಿದ್ದರೆ ಯಾರನ್ನು ಕೇಳಬೇಕು ಎಂಬುದು ಆ ಒಂದು ಸಾಲಿನಿಂದ ತಿಳಿಯುತ್ತದೆ. ಇವತ್ತು ನಾನು ಹೇಳಹೊರಟಿರುವುದು ಅಂಥದೇ ಸಾಲುಗಳ ಕಥೆ. ಲಿನಕ್ಸ್ ಕರ್ನೆಲ್ ಎಂಬ ಮುಕ್ತ ತಂತ್ರಾಂಶದಲ್ಲಿ ಡಿಸ್ಕ್ ನಡೆಸುವ ಡ್ರೈವರ್‌ಗಳನ್ನು ಯಾರು ಕಾಯುತ್ತಾರೆ, ಕಾಯದಿದ್ದರೆ ಏನಾಗುತ್ತದೆ ಎಂಬ ಕಥೆ. ನಿಮಗೆ ಸಂಬಂಧವಿಲ್ಲ ಅಂದುಕೊಳ್ಳಬೇಡಿ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರುವುದೂ ಇದೇ ಕರ್ನೆಲ್.

ಒಂದೇ ಡಿಸ್ಕಿನಿಂದ ಶುರು

1991ರ ಆಗಸ್ಟ್ 25. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 21 ವರ್ಷದ ಹುಡುಗ ಲಿನಸ್ ಟೋರ್ವಾಲ್ಡ್ಸ್ ತಾನೊಂದು ಕಾರ್ಯಾಚರಣೆ ವ್ಯವಸ್ಥೆ ಬರೆಯುತ್ತಿದ್ದೇನೆ ಎಂದು ಜಗತ್ತಿಗೆ ತಿಳಿಸಿದ. ಜೊತೆಗೇ ಕೈಯೆತ್ತಿಯೂ ಬಿಟ್ಟ: ಎಟಿ ಹಾರ್ಡ್ ಡಿಸ್ಕ್ ಬಿಟ್ಟರೆ ಬೇರೆ ಡಿಸ್ಕಿನ ಮೇಲೆ ಇದು ಬಹುಶಃ ಎಂದೂ ಓಡಲಾರದು, ಯಾಕೆಂದರೆ ತನ್ನ ಹತ್ತಿರ ಇರುವುದು ಅದೊಂದೇ! ನೋಡಿ, ತನ್ನಲ್ಲಿಲ್ಲದ ಯಂತ್ರಕ್ಕೆ ಅವನು ಡ್ರೈವರ್ ಬರೆಯುವುದಾದರೂ ಹೇಗೆ? ಬೇರೆ ಯಂತ್ರ ಇದ್ದವರು ಬರಬೇಕಾಯಿತು. ಬಂದರು. 1992ರಲ್ಲಿ ಡ್ರೂ ಎಕ್‌ಹಾರ್ಟ್ ಎಂಬಾತ ಸ್ಕಸಿ ಡಿಸ್ಕುಗಳಿಗೆ ಬೇಕಾದ ಭಾಗ ಬರೆದ. ಅದೇ ವರ್ಷ ಲಿನಕ್ಸ್ ಜಿಪಿಎಲ್ ಪರವಾನಗಿಗೆ ಬಂತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ತಿದ್ದಿದ್ದನ್ನು ಹಂಚುವಾಗ ಅದರ ಮೂಲವನ್ನು ಬಚ್ಚಿಡುವಂತಿಲ್ಲ.

ಡ್ರೈವರ್ ಅಂದರೆ ಬಸ್ಸಿನ ಡ್ರೈವರ್ ಅಲ್ಲ. ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಕಂಟ್ರೋಲರ್ ಎಂಬ ಚಿಪ್ಪು ಇರುತ್ತದೆ. ಒಂದೊಂದು ಕಂಪನಿಯ ಕಂಟ್ರೋಲರಿಗೆ ಒಂದೊಂದು ಭಾಷೆ. ಕರ್ನೆಲ್ 'ಈ ಪುಟವನ್ನು ಡಿಸ್ಕಿನ ಇಂಥ ಜಾಗದಲ್ಲಿ ಬರೆ' ಎಂದು ಹೇಳಿದರೆ, ಅದನ್ನು ಆ ಚಿಪ್ಪಿನ ಭಾಷೆಗೆ ತಿರುಗಿಸಿ ಹೇಳುವ ದುಭಾಷಿಯೇ ಡ್ರೈವರ್.

ಡಿಸ್ಕ್ ನೆಟ್ಟಗೆ ಉತ್ತರ ಕೊಡುತ್ತಿದ್ದರೆ ಈ ಕೆಲಸ ಕಷ್ಟವಲ್ಲ. ಕೊಡದಿದ್ದಾಗಲೇ ಪರೀಕ್ಷೆ! ಸ್ಕಸಿ ಡಿಸ್ಕಿಗೆ ಲಿನಕ್ಸ್ ಸಾಮಾನ್ಯವಾಗಿ 30 ಸೆಕೆಂಡು ಕಾಯುತ್ತದೆ. ಉತ್ತರವಿಲ್ಲವೇ? ಆ ಒಂದು ಅಪ್ಪಣೆಯನ್ನು ರದ್ದು ಮಾಡಿ ನೋಡುತ್ತದೆ. ಆಗಲಿಲ್ಲವೇ? ಆ ಡಿಸ್ಕನ್ನು ಮರುಹೊಂದಿಸುತ್ತದೆ. ಆಮೇಲೆ ತಂತಿಯ ಸಾಲನ್ನೇ. ಆಮೇಲೆ ಇಡೀ ಕಂಟ್ರೋಲರನ್ನೇ. ಯಾವುದಕ್ಕೂ ಬಗ್ಗದಿದ್ದರೆ ಕೊನೆಗೆ ಡಿಸ್ಕನ್ನು ಪಂಕ್ತಿಯಿಂದ ಎಬ್ಬಿಸುತ್ತದೆ. ಈ ಒಂದೊಂದು ಮೆಟ್ಟಿಲಲ್ಲೂ ಡ್ರೈವರ್ ಸುಳ್ಳು ಹೇಳಬಾರದು. ಬರೆಯದೆ ಇದ್ದದ್ದನ್ನು 'ಬರೆದೆ' ಎಂದು ಹೇಳಿದರೆ ಹೋಗುವುದು ನಿಮ್ಮ ಬ್ಯಾಂಕಿನ ಲೆಕ್ಕ, ನಿಮ್ಮ ಮಗುವಿನ ಫೋಟೋ.

ಅನಾಥ ಎಂಬ ಪದ

ಕರ್ನೆಲ್‌ನ ಮೂಲದ ಜೊತೆಗೇ ಒಂದು ಪಟ್ಟಿ ಇರುತ್ತದೆ. ಹೆಸರು 'ಮೇಂಟೇನರ್ಸ್'. ಪಾಲಕರ ಪಟ್ಟಿ ಎನ್ನೋಣ. ಯಾವ ಭಾಗಕ್ಕೆ ಯಾರು ಹೊಣೆ ಎಂಬುದು ಅದರಲ್ಲಿರುತ್ತದೆ. ನಮ್ಮ ಕರಪತ್ರದ ಕೊನೆಯ ಸಾಲಿನ ಹಾಗೇ! ಪ್ರತಿಯೊಂದು ಭಾಗಕ್ಕೂ ಅದರ ಸ್ಥಿತಿ ಹೇಳುವ ಒಂದು ಪದವೂ ಉಂಟು. ಸಂಬಳ ಕೊಟ್ಟು ಯಾರನ್ನೋ ಇಟ್ಟು ನೋಡಿಕೊಳ್ಳುತ್ತಿದ್ದರೆ ಒಂದು ಪದ. ಯಾರೋ ಒಬ್ಬರು ನಿಗಾ ಇಟ್ಟಿದ್ದರೆ ಇನ್ನೊಂದು. ಆಗೊಮ್ಮೆ ಈಗೊಮ್ಮೆ ಮಾತ್ರ ರಿಪೇರಿ ನಡೆದರೆ ಮತ್ತೊಂದು. ಯಾರೂ ಇಲ್ಲದಿದ್ದರೆ ಬೀಳುವ ಪದ ಯಾವುದು ಗೊತ್ತೇ? ಅನಾಥ. ಹೌದು, ಇಂಗ್ಲಿಷಿನಲ್ಲೂ ಅದೇ ಅರ್ಥದ ಪದವನ್ನೇ ಅವರು ಇಟ್ಟಿರುವುದು.

ಒಬ್ಬ ಮನುಷ್ಯನ ವಿಷಯ ಹೇಳುತ್ತೇನೆ. ಲಿಯೋನಾರ್ಡ್ ಜುಬ್ಕಾಫ್. ಅಮೆರಿಕದವನು. 1995ರಿಂದ ಬಸ್‌ಲಾಜಿಕ್ ಕಂಪನಿಯ ಸ್ಕಸಿ ಕಾರ್ಡುಗಳಿಗೆ ಡ್ರೈವರ್ ಬರೆದ. ಆಮೇಲೆ ಮೈಲೆಕ್ಸ್ ಕಂಪನಿಯ ಡಿಎಸಿ960 ಎಂಬ ರೇಯ್ಡ್ ಕಂಟ್ರೋಲರಿಗೂ ಬರೆದ. 2002ರ ಆಗಸ್ಟ್ 29ರಂದು ಅಲಾಸ್ಕಾದಲ್ಲಿ ಹೆಲಿಕಾಪ್ಟರ್ ಅಪಘಾತವಾಯಿತು. ಜುಬ್ಕಾಫ್ ತೀರಿಕೊಂಡ.

ಆಗ ಅವನ ಡ್ರೈವರ್‌ಗಳ ಗತಿ? ಕಾರ್ಡು ಮಾಡಿದ ಕಂಪನಿ ನೋಡಿಕೊಳ್ಳಬಹುದಿತ್ತಲ್ಲ ಅಂತೀರಾ? ಕೇಳಿ. ಬಸ್‌ಲಾಜಿಕ್ ಅನ್ನು 1996ರಲ್ಲೇ ಮೈಲೆಕ್ಸ್ ಕೊಂಡಿತ್ತು. ಮೈಲೆಕ್ಸನ್ನು 1999ರಲ್ಲಿ ಐಬಿಎಂ ಕೊಂಡಿತು. 2002ರಲ್ಲಿ ಆ ವ್ಯವಹಾರ ಎಲ್ಎಸ್ಐ ಕೈಗೆ ಹೋಯಿತು. 2014ರಲ್ಲಿ ಎಲ್ಎಸ್ಐ ಅನ್ನು ಅವಾಗೋ ನುಂಗಿತು. 2016ರಲ್ಲಿ ಅವಾಗೋ ತಾನು ಕೊಂಡ ಬ್ರಾಡ್‌ಕಾಮ್‌ನ ಹೆಸರನ್ನೇ ಇಟ್ಟುಕೊಂಡಿತು. ಒಂದು ಕಾರ್ಡು, ಎಷ್ಟು ಯಜಮಾನರು! ಯಜಮಾನ ಬದಲಾದಾಗ ಹಳೆಯ ಸರಕನ್ನು ಯಾರು ನೆನಪಿಡುತ್ತಾರೆ?

ಮೂಲ ಮುಚ್ಚಿಟ್ಟ ಡ್ರೈವರ್ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಇದು ತೆರೆದ ಮೂಲ. 2013ರಲ್ಲಿ ಖಾಲಿದ್ ಅಜೀಜ್ ಎಂಬ ಎಂಜಿನಿಯರ್ ಬಸ್‌ಲಾಜಿಕ್ ಡ್ರೈವರನ್ನು 64 ಬಿಟ್ ಯಂತ್ರಗಳಿಗೆ ಹೊಂದಿಸಿ, ಪಾಲಕನಾಗಿ ತನ್ನ ಹೆಸರು ಹಾಕಿದ. 2022ರಲ್ಲಿ ಆರ್ನ್ಡ್ ಬರ್ಗ್‌ಮನ್ ಅದರೊಳಗಿದ್ದ ಹಳೆಗಾಲದ ವಿಳಾಸ ಪದ್ಧತಿಯನ್ನು ಕಿತ್ತುಹಾಕಿದ. ಆ ಕಾರ್ಡು ಈಗ ಅಂಗಡಿಯಲ್ಲಿ ಸಿಕ್ಕುವುದಿಲ್ಲ, ನಿಜ. ಆದರೆ ವಿಎಂವೇರ್ ತನ್ನ ಕಲ್ಪಿತ ಯಂತ್ರಗಳಲ್ಲಿ ಅದೇ ಕಾರ್ಡಿನ ವೇಷ ಹಾಕಿಸಿತು. ಯಂತ್ರ ಸತ್ತರೂ ಅದರ ಭಾಷೆ ಸಾಯಲಿಲ್ಲ. ದುಭಾಷಿಯ ಕೆಲಸವೂ ಮುಗಿಯಲಿಲ್ಲ.

ಮುಟ್ಟದೆ ಇಟ್ಟರೂ ಕೆಡುತ್ತದೆ

ಇಲ್ಲೊಂದು ಪ್ರಶ್ನೆ ಏಳುತ್ತದೆ. ಓಡುತ್ತಿರುವ ಡ್ರೈವರನ್ನು ಯಾಕೆ ಮುಟ್ಟಬೇಕು? ಇಟ್ಟ ಹಾಗೇ ಇರಲಿ ಬಿಡಿ! ಆದರೆ ಸುತ್ತಲಿನ ಮನೆ ಬದಲಾಗುತ್ತಿರುತ್ತದೆ. ಲಿನಕ್ಸ್ ತನ್ನ ಒಳಗಿನ ಕಟ್ಟಳೆಗಳನ್ನು ಶಾಶ್ವತ ಎಂದು ಯಾರಿಗೂ ಮಾತು ಕೊಟ್ಟಿಲ್ಲ. ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ. ಒಳಗಿನ ಕಟ್ಟಳೆ ಬದಲಿಸಿದವನೇ ಅದನ್ನು ಬಳಸುವ ಡ್ರೈವರ್‌ಗಳನ್ನೂ ತಿದ್ದಬೇಕು ಎಂಬುದು ಅಲ್ಲಿನ ನಡವಳಿಕೆ. ಮನೆಯೊಳಗಿದ್ದ ಡ್ರೈವರಿಗೆ ಈ ರಕ್ಷಣೆ. ಹೊರಗೆ ಬಚ್ಚಿಟ್ಟುಕೊಂಡದ್ದಕ್ಕೆ ಇಲ್ಲ.

ಉದಾಹರಣೆ ಬೇಕೇ? ತುಂಬಾ ವರ್ಷ ಒಂದು ಡಿಸ್ಕಿಗೆ ಹೋಗುವ ಕೋರಿಕೆಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದವು. ಹತ್ತು ಬಾಗಿಲಿನ ಬಸ್ ನಿಲ್ದಾಣಕ್ಕೆ ಒಂದೇ ಟಿಕೆಟ್ ಕೌಂಟರ್ ಇದ್ದ ಹಾಗೆ. ತಿರುಗುವ ಡಿಸ್ಕಿಗೆ ಅದು ಸಾಕಾಗಿತ್ತು. ಮಿಂಚಿನ ವೇಗದ ಎಸ್ಎಸ್‌ಡಿ ಬಂದಾಗ ಆ ಕೌಂಟರೇ ಅಡ್ಡಿಯಾಯಿತು. ಅದಕ್ಕೆ ಜೆನ್ಸ್ ಆಕ್ಸ್‌ಬೋ ಮುಂದಾಳತ್ವದಲ್ಲಿ ಹಲವು ಸಾಲುಗಳ ಹೊಸ ಪದ್ಧತಿ 2014ರ ಜನವರಿಯಲ್ಲಿ 3.13ನೇ ಆವೃತ್ತಿಯೊಡನೆ ಬಂತು. 2019ರ ಮಾರ್ಚಿನಲ್ಲಿ ಬಂದ 5.0ರ ಹೊತ್ತಿಗೆ ಹಳೆಯ ಒಂಟಿ ಸಾಲನ್ನು ತೆಗೆದೇಬಿಟ್ಟರು. ನಡುವಿನ ಐದು ವರ್ಷ ಏನು ಮಾಡಿದರು? ಒಂದೊಂದೇ ಡ್ರೈವರನ್ನು ಹೊಸ ಪದ್ಧತಿಗೆ ದಾಟಿಸಿದರು. ಜುಬ್ಕಾಫ್‌ನ ಡಿಎಸಿ960 ಹಾಗೇ ದಾಟುವಂತಿರಲಿಲ್ಲ. ಹ್ಯಾನೆಸ್ ರೈನೆಕ್ ಕುಳಿತು ಅದನ್ನು ಎರಡು ಹೊಸ ಡ್ರೈವರ್‌ಗಳಾಗಿ ಬರೆದ. ಬರೆದವನು ಸತ್ತು ಹದಿನಾರು ವರ್ಷದ ಮೇಲೆ, 2018ರ ಡಿಸೆಂಬರಿನ 4.20ರಲ್ಲಿ, ಅವನ ಕೆಲಸಕ್ಕೆ ಮರುಹುಟ್ಟು!

ಬದಲಾವಣೆಗೆ ಬೆಲೆಯೂ ಉಂಟು. 2018ರ ಅಕ್ಟೋಬರಿನಲ್ಲಿ 4.19 ಬಂತು. ಕೆಲವೇ ವಾರದಲ್ಲಿ ಕೂಗು ಎದ್ದಿತು: ಡಿಸ್ಕಿನ ಕಡತಗಳು ಕೆಡುತ್ತಿವೆ! ಎಲ್ಲರೂ ಬೆರಳು ತೋರಿದ್ದು ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಯ ಕಡೆಗೆ. ಅಲ್ಲಿ ತಪ್ಪಿರಲಿಲ್ಲ. ತಪ್ಪು ಅದರ ಕೆಳಗಿನ ಸಾಲು ನಿಲ್ಲಿಸುವ ಪದರದಲ್ಲಿತ್ತು. ಪಾರ್ಸೆಲ್ ಆಫೀಸಿನ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಮೂಟೆ ತಂದಿರಿ, ರಸೀದಿ ಬರೆದಾಯಿತು. ಅಷ್ಟರಲ್ಲಿ ಲಾರಿಯವನು 'ಈಗ ಜಾಗ ಇಲ್ಲ' ಅಂದ. ಮೂಟೆ ಮತ್ತೆ ಸಾಲಿಗೆ ಬಂತು. ಸಾಲಿನಲ್ಲಿ ಅದರ ಪಕ್ಕಕ್ಕೆ ಇನ್ನೊಂದು ಮೂಟೆ ಕಟ್ಟಿದರು. ಆದರೆ ರಸೀದಿ ಹಳೆಯದೇ, ಒಂದು ಮೂಟೆಯದು! ಲಾರಿಗೆ ಏರಿದ್ದು ಒಂದೇ. ಇನ್ನೊಂದು ಹೋಯಿತು ಎಂದು ಎಲ್ಲರೂ ನಂಬಿದರು, ಅದು ಹೋಗಲೇ ಇಲ್ಲ. ಸ್ಕಸಿ ಡಿಸ್ಕ್ 'ಬಿಡುವಿಲ್ಲ' ಎಂದಾಗ ಕೋರಿಕೆಗೆ ಆದದ್ದು ಇದೇ.

ಇದನ್ನು ಹಿಡಿದವರು ಯಾರು? ಪಾಲಕರೊಬ್ಬರೇ ಅಲ್ಲ. ತಮ್ಮ ಯಂತ್ರದ ಮೇಲೆ ಆವೃತ್ತಿಯಾದ ಮೇಲೆ ಆವೃತ್ತಿ ಓಡಿಸಿ, ಯಾವುದರಲ್ಲಿ ಕೆಡುತ್ತದೆ, ಯಾವುದರಲ್ಲಿ ಇಲ್ಲ ಎಂದು ಬರೆದು ತಿಳಿಸಿದ ಸಾಮಾನ್ಯ ಬಳಕೆದಾರರು ಅದರಲ್ಲಿದ್ದರು. ಡಿಸೆಂಬರಿನ 4.19.8ರಲ್ಲಿ ಆಕ್ಸ್‌ಬೋನ ತಿದ್ದುಪಡಿ ಬಂತು. ತನ್ನ ಪದ್ಧತಿಯಲ್ಲಿ ಬಿದ್ದ ತೂತನ್ನು ತಾನೇ ಮುಚ್ಚಿದ. ಹೆಸರು ಹಾಕಿದವನು ಓಡಿಹೋಗುವಂತಿಲ್ಲ ಗೆಳೆಯರೇ!

ಬೀಳ್ಕೊಡುವುದೂ ಪಾಲನೆಯೇ

ಎಲ್ಲವನ್ನೂ ಎಂದೆಂದಿಗೂ ಹೊರಬೇಕೇ? ಬೇಕಿಲ್ಲ. ಎಟಿ ಡಿಸ್ಕುಗಳ ವಂಶದ ಹಳೆಯ ಐಡಿಇ ಡ್ರೈವರ್‌ಗಳ ಜಾಗಕ್ಕೆ, 2003ರಲ್ಲಿ ಜೆಫ್ ಗಾರ್ಜಿಕ್ ಶುರುಮಾಡಿದ ಲಿಬ್‌ಎಟಿಎ ಮೆಲ್ಲಗೆ ಬಂದು ಕುಳಿತಿತು. ಹಾಗೆಂದು ಹಳೆಯದನ್ನು ರಾತ್ರೋರಾತ್ರಿ ಬೀದಿಗೆ ಎಸೆಯಲಿಲ್ಲ. 2021ರಲ್ಲಿ ತೆಗೆಯುತ್ತೇವೆ ಎಂದು 2019ರಲ್ಲೇ ಸಾರಿದರು. ಅದನ್ನೇ ನಂಬಿದ್ದ ಹಳೆಯ ಯಂತ್ರಗಳನ್ನು ಹೊಸದಕ್ಕೆ ದಾಟಿಸಿದರು. 2021ರ ಆಗಸ್ಟಿನ 5.14ರಲ್ಲಿ ಅದು ಹೋಯಿತು. ಲಿನಸ್ ತನ್ನಲ್ಲಿದ್ದ ಒಂದೇ ಬಗೆಯ ಡಿಸ್ಕಿನೊಡನೆ ಶುರುಮಾಡಿ ಸರಿಯಾಗಿ ಮೂವತ್ತು ವರ್ಷಕ್ಕೆ.

ಈಗ ನಿಮ್ಮ ಮಾತು. ಮುಕ್ತ ತಂತ್ರಾಂಶ ಅಂದರೆ ಪುಕ್ಕಟೆ ತಂತ್ರಾಂಶ ಎಂದು ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಪುಕ್ಕಟೆಯಾಗಿ ಸಿಕ್ಕಿತು, ಹಾಕಿಕೊಂಡೆವು, ಮುಗಿಯಿತು! ಹಾಗಲ್ಲ. ತೆರೆದ ಮೂಲ ನಿಮಗೆ ಕೊಡುವುದು ಹಕ್ಕು. ಹಕ್ಕು ಕಾಗದದ ಮೇಲಿದ್ದರೆ ಸಾಲದು, ಅದನ್ನು ಚಲಾಯಿಸುವ ಕೈ ಬೇಕು. ಜುಬ್ಕಾಫ್‌ನ ಡ್ರೈವರನ್ನು ಪರವಾನಗಿ ಬದುಕಿಸಲಿಲ್ಲ. ಪರವಾನಗಿ ಬಾಗಿಲು ತೆರೆದಿಟ್ಟಿತು, ಅಷ್ಟೇ. ಒಳಗೆ ಬಂದು ಕಸ ಗುಡಿಸಿದವರು ಮನುಷ್ಯರು.

ನಿಮ್ಮಿಂದ ಆಗುವುದಿಲ್ಲವೇ? ಆಗುತ್ತದೆ. ಮೆಗಾರೇಯ್ಡ್ ಡ್ರೈವರಿನ ಪಾಲಕರ ಸಾಲಿನಲ್ಲಿ ಭಾರತೀಯ ಹೆಸರುಗಳಿವೆ, ತೆರೆದು ನೋಡಿ. ಮೊದಲ ದಿನವೇ ಡ್ರೈವರ್ ಬರೆಯಬೇಕೆಂದಿಲ್ಲ. ಮನೆಯ ಮೂಲೆಯಲ್ಲಿ ಬಿದ್ದ ಹಳೆಯ ಕಂಪ್ಯೂಟರನ್ನು ಒರೆಸಿ ಇಡಿ. ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿ ಸಾಮಾನ್ಯವಾಗಿ ಭಾನುವಾರ ಬರುತ್ತದೆ. ಅದರ ಮೇಲೆ ಓಡಿಸಿ. ಕಳೆದುಕೊಳ್ಳಬಾರದ್ದು ಆ ಡಿಸ್ಕಿನಲ್ಲಿ ಇರದಿರಲಿ, ಎಚ್ಚರ! ಕೆಟ್ಟರೆ ಏನು ಕೆಟ್ಟಿತು, ಯಾವಾಗ ಕೆಟ್ಟಿತು ಎಂದು ನೆಟ್ಟಗೆ ಬರೆದು ಪಾಲಕನಿಗೆ ತಿಳಿಸಿ. ನೀವು ಪರೀಕ್ಷಿಸಿದ ತಿದ್ದುಪಡಿಯ ಕೆಳಗೆ 'ಪರೀಕ್ಷಿಸಿದವರು' ಎಂದು ನಿಮ್ಮ ಹೆಸರು ಹಾಕುವ ಪದ್ಧತಿ ಅಲ್ಲಿದೆ. ಕರ್ನೆಲ್‌ನ ಇತಿಹಾಸದಲ್ಲಿ ಅದು ಉಳಿಯುತ್ತದೆ.

ಕರಪತ್ರದ ಕೆಳಗಿನ ಆ ಸಣ್ಣ ಅಕ್ಷರದ ಸಾಲನ್ನು ಯಾರೂ ಓದುವುದಿಲ್ಲ. ತಪ್ಪು ಬಿದ್ದ ದಿನ ಮಾತ್ರ ಎಲ್ಲರೂ ಅದನ್ನೇ ಹುಡುಕುತ್ತಾರೆ. ಆ ದಿನ ಅಲ್ಲೊಂದು ಹೆಸರು ಇರಬೇಕು. ಅದು ನಿಮ್ಮದೇ ಯಾಕಾಗಬಾರದು?