ಅರಿಶಿನವೂ ‘ಹೊಸತು’ ಎಂಬ ಪದವೂ

(ನಮ್ಮ ಕನ್ನಡ ಕೂಟದ ಸಭೆಯಲ್ಲಿ ಅತಿಥಿಗಳು ನೀಡಿದ ಉಪನ್ಯಾಸದ ಪಠ್ಯ)



ಮಕ್ಕಳ ಮಂಡಿ ತರಚಿದಾಗ ನಮ್ಮ ಹಿರಿಯರ ಕೈ ಮೊದಲು ಹೋಗುತ್ತಿದ್ದುದು ಅರಿಶಿನದ ಡಬ್ಬಿಗೆ. ಅದೇ ಅರಿಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ 1995ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ನೀಡಿತು. ಮನೆಮನೆಯ ಮದ್ದು ಹೊಸ ಆವಿಷ್ಕಾರವೆನಿಸಿದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಓದಬೇಕಾದ ಬಗೆಯೂ ನಮಗೆ ತಿಳಿಯುತ್ತದೆ.

ಬೌದ್ಧಿಕ ಸ್ವತ್ತನ್ನು ವ್ಯಾಪಾರದೊಡನೆ ಬೆಸೆದ ‘ಟ್ರಿಪ್ಸ್’ ಒಪ್ಪಂದವು ಜಾರಿಗೆ ಬಂದುದೂ ಅದೇ ವರ್ಷ, ಜನವರಿ 1ರಂದು. ಅದರ ಕರಡನ್ನು ಒಳಗೊಂಡಿದ್ದ ಡಂಕೆಲ್ ಪ್ರಸ್ತಾವದ ವಿರುದ್ಧ 1993ರಲ್ಲಿ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೈತರ ಬೃಹತ್ ಸಭೆ ಸೇರಿತ್ತು. ತಮ್ಮ ಬೀಜ ತಮ್ಮದಾಗಿ ಉಳಿದೀತೇ ಎಂಬುದು ಅವರ ಆತಂಕವಾಗಿತ್ತು.

ಪೇಟೆಂಟ್ ಪಡೆಯುವ ಆವಿಷ್ಕಾರವು ಹೊಸತಾಗಿರಬೇಕೆಂದು ಟ್ರಿಪ್ಸ್‌ನ 27ನೆಯ ವಿಧಿ ಹೇಳುತ್ತದೆ. ‘ಹೊಸತು’ ಎಂದರೇನೆಂದು ಮಾತ್ರ ಹೇಳುವುದಿಲ್ಲ. ಒಪ್ಪಂದವು ಪದವನ್ನು ಕೊಡುತ್ತದೆ. ಅರ್ಥವನ್ನು ಆಯಾ ದೇಶದ ಕಾನೂನು ತುಂಬುತ್ತದೆ. ಆದುದರಿಂದ ಒಪ್ಪಂದವೊಂದನ್ನೇ ಓದಿದವರು ಅರ್ಧವನ್ನಷ್ಟೇ ಓದಿದಂತೆ.

ಅಂದಿನ ಅಮೆರಿಕದ ಕಾನೂನಿನ ಪ್ರಕಾರ, ಆ ದೇಶದೊಳಗಿನ ಬಳಕೆಯು ಪೇಟೆಂಟಿಗೆ ಅಡ್ಡಿಯಾಗಬಲ್ಲದಾಗಿತ್ತು. ಹೊರದೇಶದ ಬಳಕೆಗೆ ಆ ಬೆಲೆಯಿರಲಿಲ್ಲ. ಅಲ್ಲಿಯ ತಿಳಿವಳಿಕೆಯು ಅಚ್ಚಾಗಿರಬೇಕಿತ್ತು, ಇಲ್ಲವೇ ಪೇಟೆಂಟ್ ಪಡೆದಿರಬೇಕಿತ್ತು. ಅಜ್ಜಿಯ ಕೈಗುಣ ಲೆಕ್ಕಕ್ಕೆ ಬರಲಿಲ್ಲ. ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು 1996ರಲ್ಲಿ ಮರುಪರಿಶೀಲನೆ ಕೋರಿ, ಹಳೆಯ ಗ್ರಂಥಗಳನ್ನೂ 1953ರ ಭಾರತೀಯ ವೈದ್ಯಪತ್ರಿಕೆಯೊಂದರ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಆ ಪೇಟೆಂಟಿನ ಹಕ್ಕುಗಳು ತಿರಸ್ಕೃತವಾದವು. ಗೆದ್ದದ್ದು ಅಚ್ಚಾದ ಕಾಗದ.

ಯುರೋಪಿನ ಕಾನೂನು ಬೇರೆ. ಅಲ್ಲಿ ಜಗತ್ತಿನ ಯಾವ ಮೂಲೆಯ ಬಹಿರಂಗ ಬಳಕೆಯೂ ಸಾಕ್ಷ್ಯವೇ. ಬೇವಿನೆಣ್ಣೆಯ ಶಿಲೀಂಧ್ರನಾಶಕಕ್ಕೆ ಅಮೆರಿಕದ ಕೃಷಿ ಇಲಾಖೆಯೂ ಡಬ್ಲ್ಯು. ಆರ್. ಗ್ರೇಸ್ ಕಂಪನಿಯೂ 1994ರಲ್ಲಿ ಪಡೆದ ಯುರೋಪಿಯನ್ ಪೇಟೆಂಟ್ 2000ದಲ್ಲಿ ರದ್ದಾಯಿತು. ಭಾರತದಲ್ಲಿ ಮೊದಲೇ ಅಂಥ ಸಾರವನ್ನು ತಯಾರಿಸಿ ಬಳಸಿದ್ದವರೊಬ್ಬರ ಸಾಕ್ಷ್ಯ ಅಲ್ಲಿ ನಡೆಯಿತು. 2005ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು.

ಅಮೆರಿಕವು 2011ರಲ್ಲಿ ಕಾನೂನನ್ನು ತಿದ್ದಿ, 2013ರ ಮಾರ್ಚ್‌ನಿಂದ ಈ ಗಡಿಯನ್ನು ಅಳಿಸಿತು. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಅಂಗೀಕೃತವಾದ ಹೊಸ ಒಪ್ಪಂದವು, ಆನುವಂಶಿಕ ಸಂಪನ್ಮೂಲ ಅಥವಾ ಅದಕ್ಕೆ ಸಂಬಂಧಿಸಿದ ಸಾಂಪ್ರದಾಯಿಕ ಜ್ಞಾನವನ್ನು ಆಧರಿಸಿದ ಅರ್ಜಿದಾರರು ಅದರ ಮೂಲವನ್ನು ತಿಳಿಸಬೇಕೆನ್ನುತ್ತದೆ. 15 ದೇಶಗಳು ಅದಕ್ಕೆ ಬದ್ಧವಾದ ಮೇಲೆಯೇ ಅದು ಜಾರಿಗೆ ಬರುವುದೆಂಬ ಷರತ್ತಿದೆ. ಮೂಲವನ್ನು ತಿಳಿಸಬೇಕೆನ್ನುವ ಈ ಒಪ್ಪಂದವೂ ಲಾಭದಲ್ಲಿ ಪಾಲು ಕೊಡಬೇಕೆನ್ನುವುದಿಲ್ಲ.

ಹಾಗಾದರೆ ನಾವು ಮಾಡಬಹುದಾದುದೇನು? ಕಾನೂನು ಬದಲಾದರೂ, ಕಣ್ಣಿಗೆ ಬೀಳದ ಬಳಕೆಯನ್ನು ಪರೀಕ್ಷಕರು ಅರಿಯಲಾರರು. ಪೆಟ್ಟಿಗೆಯಲ್ಲಿಟ್ಟ ಕೈಬರಹ ಸಾಲದು. ಅದು ಸಾರ್ವಜನಿಕರಿಗೆ ದೊರೆಯಬೇಕು. ಅಚ್ಚಾದುದನ್ನು ಯಾರೂ ಬಳಸಬಹುದೆಂಬುದೂ ನಿಜ. ಅಚ್ಚು ನಮಗೆ ಪಾಲನ್ನು ತಂದುಕೊಡದು. ಇನ್ನೊಬ್ಬರು ಅದಕ್ಕೆ ಬೀಗ ಹಾಕದಂತೆ ತಡೆಯಬಲ್ಲದು, ಅಷ್ಟೆ. ಆದರೆ ಹೇಳದೆ ಹೋದ ಹಿರಿಯರೊಡನೆ ಆ ಅಷ್ಟೂ ಹೋಗಿಬಿಡುತ್ತದೆ.

ಈ ಬಾರಿ ಊರಿಗೆ ಹೋದಾಗ ಮನೆಯ ಹಿರಿಯರ ಬಳಿ ಕುಳಿತು, ಮದ್ದಿನ ಹೆಸರು, ಅಳತೆ, ಬಳಸುವ ಬಗೆಗಳನ್ನು ಬರೆದುಕೊಂಡು ಬರೋಣ. ದಿನಾಂಕದೊಡನೆ ನಮ್ಮ ಈ ಪುಟ್ಟ ಪತ್ರಿಕೆಯಲ್ಲೇ ಅಚ್ಚು ಹಾಕೋಣ. ಕನ್ನಡದ ಒಂದು ಪುಟವೂ ಸಾಕ್ಷಿ ನುಡಿಯಬಲ್ಲದು.