ಹೊಸ ಕಾರು, ಅದರ ಒಡವೆಗಳು ಮತ್ತು ಒಂದು ಒತ್ತಕ್ಷರ



ಇವತ್ತು ನಾನು ಕಾರಿನ ಬಗ್ಗೆ ಮಾತನಾಡುತ್ತೇನೆ. "ಆಂಟೀ, ನೀವು ಕನ್ನಡ ಎಂ.ಎ., ಶನಿವಾರದ ಕನ್ನಡ ಶಾಲೆಯಲ್ಲಿ ನಮ್ಮ ಕಾಗುಣಿತ ತಿದ್ದುವವರು, ಕಾರಿನ ವಿಷಯ ನಿಮಗೇನು ಗೊತ್ತು?" ಎಂದು ನೀವು ಕೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ಹೌದು, ಎಂಜಿನ್ ವಿಷಯ ನನಗೆ ಅಷ್ಟಕ್ಕಷ್ಟೆ. ಆದರೆ ಮನೆಗೆ ಹೊಸ ಕಾರು ಬಂದಾಗ ಅದರೊಳಗೆ ಏನಿರಬೇಕು, ಏನಿರಬಾರದು ಎಂದು ಹೆಚ್ಚು ಜಗಳ ಆಡಿದವರು ನಾನು ಮತ್ತು ನನ್ನ ಮಗಳು. ಆ ಜಗಳಗಳಿಂದ ಕಲಿತದ್ದನ್ನು ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಇನ್ನೊಂದೆರಡು ವರ್ಷದಲ್ಲಿ ಅಪ್ಪ ಅಮ್ಮನ ಕಾರಿನ ಕೀಲಿಗೆ ಕೈ ಚಾಚುವವರೇ ತಾನೆ?

ನಮ್ಮದು ಕಾರ್ಲ್ಸ್‌ರೂಯೆ. ಹನ್ನೊಂದು ವರ್ಷ ದುಡಿದ ಚಿಕ್ಕ ಕಾರನ್ನು ಕೊಟ್ಟು, ಸಾಲ ಮಾಡಿ, ಸ್ಕೋಡಾ ಕಂಪನಿಯ ಕರೋಕ್ ತಂದೆವು. ಇದನ್ನು ಕ್ರಾಸ್‌ಓವರ್ ಎಸ್‌ಯುವಿ ಎನ್ನುತ್ತಾರೆ. ನೋಡಲು ಜೀಪಿನಂತೆ ಎತ್ತರ, ಒಳಗೆಲ್ಲ ಮಾಮೂಲಿ ಕಾರು. ಹಳೇ ಕಾಲದ ಜೀಪಿಗೆ ಏಣಿಯಂಥ ಉಕ್ಕಿನ ಚೌಕಟ್ಟು ಇರುತ್ತಿತ್ತು, ಅದರ ಮೇಲೆ ಮೈ ಕೂರಿಸುತ್ತಿದ್ದರು. ಕ್ರಾಸ್‌ಓವರಿನಲ್ಲಿ ಮೈಯೂ ಚೌಕಟ್ಟೂ ಒಂದೇ. ಹಾಗಾಗಿ ಕಾಡು ಮೇಡು ಹತ್ತಿಸುವ ಆಸೆ ಬೇಡ. ಎತ್ತರದ ಸೀಟಿನಿಂದ ರಸ್ತೆ ಚೆನ್ನಾಗಿ ಕಾಣುತ್ತದೆ, ಅಜ್ಜಿ ಮಂಡಿ ಮಡಿಸದೆ ಹತ್ತಿ ಇಳಿಯುತ್ತಾರೆ, ಡಿಕ್ಕಿಯಲ್ಲಿ 521 ಲೀಟರ್ ಜಾಗವಿದೆ. ನಮಗೆ ಬೇಕಾಗಿದ್ದದ್ದೂ ಅಷ್ಟೇ.

ನನಗೆ ಅದಕ್ಕಿಂತ ಇಷ್ಟವಾದದ್ದು ಹೆಸರು. ಅಲಾಸ್ಕಾದ ಕೋಡಿಯಾಕ್ ದ್ವೀಪದ ಮೂಲನಿವಾಸಿಗಳು ಅಲೂಟಿಕ್ ಎಂಬ ಭಾಷೆ ಆಡುತ್ತಾರೆ. ಆ ಭಾಷೆಯಲ್ಲಿ ಕಾರಿಗೆ 'ಕಾರಕ್', ಬಾಣಕ್ಕೆ 'ರುಕ್'. ಎರಡೂ ಸೇರಿ ಕರೋಕ್ ಆಯಿತಂತೆ. ನಾವು ಇಂಗ್ಲಿಷಿನ ಕಾರ್‌ಗೆ ಒಂದು ಉಕಾರ ಅಂಟಿಸಿ 'ಕಾರು' ಮಾಡಿಕೊಂಡೆವಲ್ಲ, ಅವರು ತಮ್ಮ ಭಾಷೆಯ ಬಾಲ ಅಂಟಿಸಿ 'ಕಾರಕ್' ಮಾಡಿಕೊಂಡರು. ಹೊರಗಿನಿಂದ ಬಂದ ಪದಕ್ಕೆ ನಮ್ಮ ಮನೆಯ ಅಂಗಿ ತೊಡಿಸುವುದು ಎಲ್ಲ ಭಾಷೆಗಳೂ ಮಾಡುವ ಕೆಲಸ. ಆ ಭಾಷೆ ಆಡುವವರು ಇವತ್ತು ತೀರ ಕಡಿಮೆ. ಅವರ ಪದ ಮಾತ್ರ ಜರ್ಮನಿಯ ಹೆದ್ದಾರಿಗಳಲ್ಲಿ ದಿನವೂ ಓಡುತ್ತಿದೆ.

ಇನ್ನು ನಂಬರ್ ಪ್ಲೇಟಿನ ಕಥೆ. ನಿಮಗೆ ಗೊತ್ತಿರುವಂತೆ ಇಲ್ಲಿ ಪ್ಲೇಟಿನ ಮೊದಲ ಅಕ್ಷರಗಳು ಊರನ್ನು ಹೇಳುತ್ತವೆ. ಕಾರ್ಲ್ಸ್‌ರೂಯೆಯ ಅಕ್ಷರಗಳು ಯಾವುವು? 'ಕೆಎ'! ಮೊದಲ ಸಲ ಈ ಊರಿಗೆ ಬಂದು ರೈಲ್ವೆ ನಿಲ್ದಾಣದ ಹೊರಗೆ ಸಾಲಾಗಿ ನಿಂತ ಕೆಎ ಗಾಡಿಗಳನ್ನು ನೋಡಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಫೋಟೋ ನೋಡಿದ ನನ್ನ ತಂದೆ ಮೈಸೂರಿನಿಂದ, "ಏನಮ್ಮಾ, ನಮ್ಮ ಗಾಡಿಗಳೆಲ್ಲ ಅಲ್ಲಿಗೆ ಬಂದುಬಿಟ್ಟಿವೆಯಾ?" ಎಂದಿದ್ದರು. ಅವರ ಸ್ಕೂಟರ್ ಕೆಎ 09.

ಮುಂದಿನ ಅಕ್ಷರಗಳನ್ನು ಸ್ವಲ್ಪ ಹೆಚ್ಚು ಶುಲ್ಕ ಕೊಟ್ಟು ನಾವೇ ಆರಿಸಿಕೊಳ್ಳಬಹುದು. ನನ್ನ ಮಗಳ ಹೆಸರೂ ನಮ್ಮ ಮನೆತನದ ಹೆಸರೂ ಎರಡೂ 'ಸ'ಕಾರದಿಂದ ಶುರುವಾಗುತ್ತವೆ. ಅವಳಿಗೆ ಅಚ್ಚರಿ ಕೊಡೋಣವೆಂದು ಕಂಪ್ಯೂಟರಿನ ಮುಂದೆ ಕುಳಿತು 'ಎಸ್‌ಎಸ್' ಎಂದು ಹೊಡೆದೆ. ಸಿಗುವುದಿಲ್ಲ ಎಂದಿತು. ಅಂಕಿ ಬದಲಿಸಿ ಮತ್ತೆ ಹೊಡೆದೆ. ಮತ್ತೆ ಇಲ್ಲ. ಐದಾರು ಸಲ ಹೀಗೆ ಮಾಡುವಾಗ ಮಗಳು ಹಿಂದಿನಿಂದ ಬಂದು ನೋಡಿ, "ಅಮ್ಮಾ! ಏನು ಟೈಪ್ ಮಾಡ್ತಿದ್ದೀಯಾ ನೀನು?" ಎಂದು ಕೂಗಿಕೊಂಡಳು.

ನಿಮಗೆ ಅರ್ಥವಾಗಿರಬೇಕು. ಎಚ್‌ಜೆ, ಕೆಝಡ್, ಎನ್‌ಎಸ್, ಎಸ್‌ಎ, ಎಸ್‌ಎಸ್ ಈ ಐದು ಜೋಡಿಗಳನ್ನು ಜರ್ಮನಿಯಲ್ಲಿ ಪ್ಲೇಟಿನ ಮೇಲೆ ಕೊಡುವುದಿಲ್ಲ. ಎಲ್ಲವೂ ಹಿಟ್ಲರನ ಕಾಲದ ಗುರುತುಗಳು. ನಾನು ಎಸ್‌ಎಸ್ ಎಂದಾಗ ನನಗೆ ಕಂಡದ್ದು ಮಗಳ ಹೆಸರು. ಅವಳಿಗೆ ಕಂಡದ್ದು ಒಂಬತ್ತನೇ ತರಗತಿಯಲ್ಲಿ ಡಾಖೌಗೆ ಹೋದಾಗ ನೋಡಿದ ಫೋಟೋಗಳು. ಇತಿಹಾಸ ನನಗೂ ಗೊತ್ತಿತ್ತು. ಆದರೆ ಪುಸ್ತಕದಲ್ಲಿ ಓದಿದ್ದು ಬೆರಳ ತುದಿಗೆ ಬಂದಿರಲಿಲ್ಲ. ಕೊನೆಗೆ ಅವಳೇ 'ಎಂವೈ' ಆರಿಸಿದಳು. ಮೈಸೂರಿನ ಮೊದಲೆರಡು ಅಕ್ಷರ, ತಾತನಿಗಾಗಿ.

ಅಷ್ಟಕ್ಕೇ ಮುಗಿಯಲಿಲ್ಲ. ಕಾರು ಬಂದದ್ದು ನವರಾತ್ರಿಯ ಹೊತ್ತಿಗೆ. ಆಯುಧಪೂಜೆಯ ದಿನ ಮನೆಯ ಮುಂದೆ ರಸ್ತೆಯ ಬದಿಯಲ್ಲೇ ಕಾರು ತೊಳೆದು ಒರೆಸಿ, ಹೂವಿನ ಹಾರ ಹಾಕಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆ. ನಮ್ಮಮ್ಮ ಮಾಡುತ್ತಿದ್ದಂತೆ ಕುಂಕುಮ ಕಲಸಿ ಬಾನೆಟ್ಟಿನ ಮೇಲೆ ಸ್ವಸ್ತಿಕ ಬರೆದೆ. ಮಗಳು ಆರತಿ ತಟ್ಟೆ ಹಿಡಿದು ಹೊರಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. "ಅಳಿಸಮ್ಮಾ. ದಯವಿಟ್ಟು ಅಳಿಸು. ಯಾರಾದರೂ ನೋಡೋ ಮೊದಲು."

ನನಗೆ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಇದು ಸಾವಿರಾರು ವರ್ಷದ ಮಂಗಳ ಚಿಹ್ನೆ, ಯಾರೋ ಕೆಟ್ಟವರು ಇದರಂಥದ್ದನ್ನು ಬಳಸಿದರೆ ನಾವೇಕೆ ಬಿಡಬೇಕು, ಜರ್ಮನರೇ ಅವರದ್ದನ್ನು 'ಹಾಕನ್‌ಕ್ರಾಯ್ಟ್ಸ್' ಎನ್ನುತ್ತಾರೆ, ಅಂದರೆ ಕೊಕ್ಕೆಯ ಶಿಲುಬೆ, ನಮ್ಮದು ಬೇರೆ, ಎಂದು ಭಾಷಣ ಮಾಡಿದೆ. ಅವಳು ಎಲ್ಲ ಕೇಳಿದಳು. ಆಮೇಲೆ ಹೇಳಿದಳು: "ನನಗೆ ಗೊತ್ತಮ್ಮಾ. ಆದರೆ ಈ ರಸ್ತೆಯಲ್ಲಿ ಹೋಗುವವರಿಗೆ ಗೊತ್ತಿಲ್ಲ. ನೀನು ಪ್ರತಿಯೊಬ್ಬರಿಗೂ ನಿಂತು ವಿವರಿಸುತ್ತೀಯಾ? ಯಾರದೋ ಅಜ್ಜಿಗೆ ಎದೆ ಧಸಕ್ ಅಂದಮೇಲೆ ವಿವರಿಸಿ ಏನುಪಯೋಗ? ಸೋಮವಾರ ಸ್ಕೂಲಲ್ಲಿ ಉತ್ತರ ಕೊಡಬೇಕಾದವಳು ನಾನು."

ಆ ಕೊನೆಯ ಮಾತು ನನಗೆ ತಾಗಿತು. ಜರ್ಮನಿಯ ದಂಡ ಸಂಹಿತೆಯ 86ಎ ಕಲಮು ನಾತ್ಸಿ ಚಿಹ್ನೆಗಳ ಸಾರ್ವಜನಿಕ ಬಳಕೆಯನ್ನು ನಿಷೇಧಿಸುತ್ತದೆ. ನಮ್ಮ ಸ್ವಸ್ತಿಕದ ಉದ್ದೇಶ ಅದಲ್ಲ, ನಿಜ. ಆದರೆ ನನ್ನ ಉದ್ದೇಶವೇನೆಂಬುದು ಬಾನೆಟ್ಟಿನ ಮೇಲೆ ಬರೆದಿರುವುದಿಲ್ಲವಲ್ಲ. ಒದ್ದೆ ಬಟ್ಟೆ ತಂದು ಒರೆಸಿದೆ. ಒರೆಸುವಾಗ ಅಳು ಬಂತು. ಮಗಳು ಪಕ್ಕದಲ್ಲೇ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಅಮ್ಮಾ, ಆ ಪದಕ್ಕೆ ಏನರ್ಥ?" ಎಂದಳು. 'ಸು' ಎಂದರೆ ಒಳ್ಳೆಯದು, 'ಅಸ್ತಿ' ಎಂದರೆ ಇದೆ, ಎರಡೂ ಸೇರಿ ಸ್ವಸ್ತಿ, ಒಳಿತಾಗಲಿ ಎಂದು. ನಮ್ಮ ಹಳಗನ್ನಡ ಶಾಸನಗಳಲ್ಲಿ ಎಷ್ಟೋ ಶುರುವಾಗುವುದೇ ಆ ಪದದಿಂದ ಎಂದೆ. "ಹಾಗಾದರೆ ಆ ಪದವನ್ನೇ ಬರೆದರೆ?" ಎಂದು ಕುಂಕುಮದ ಬಟ್ಟಲು ತೆಗೆದುಕೊಂಡು ತಾನೇ ಬರೆದಳು. ಬರೆದದ್ದು 'ಸಸ್ತಿ'. ಮೊದಲ ಅಕ್ಷರಕ್ಕೆ ವಕಾರದ ಒತ್ತು ಬಿಟ್ಟುಹೋಗಿತ್ತು. ನನ್ನ ಗಂಡ ನೋಡಿ, "ಇಷ್ಟೊಂದು ಸಾಲ ಮಾಡಿ ತಂದ ಕಾರಿನ ಮೇಲೆ ಸಸ್ತಾ ಅಂತ ಬರೆದೆಯಲ್ಲೇ!" ಎಂದು ನಕ್ಕರು. ನಾವೂ ನಕ್ಕೆವು. ಅವಳು ಒತ್ತು ಸೇರಿಸಿದಳು. ಸ್ವಸ್ತಿಕ ದೇವರಮನೆಯ ಹೊಸಿಲಿನ ಮೇಲೆ ಈಗಲೂ ಇದೆ. ಅದನ್ನು ಅವಳು ಅಳಿಸು ಎಂದಿಲ್ಲ, ನಾನೂ ಅಳಿಸುವುದಿಲ್ಲ.

ಇನ್ನು ಕಾರಿನ ಒಡವೆಗಳ ವಿಷಯ. ಹೊಸ ಕಾರು ಎಂದರೆ ಮದುವಣಗಿತ್ತಿಯಂತೆ ಅಲಂಕರಿಸಲು ಕೈ ತುರಿಸುತ್ತದೆ. ಮೊದಲು ಕಾನೂನು ಕೇಳುವ ಮೂರು ವಸ್ತುಗಳು: ಕೆಂಪು ತ್ರಿಕೋನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹೊಳೆಯುವ ಜಾಕೆಟ್ಟು. ಜಾಕೆಟ್ಟು ಒಂದಿದ್ದರೆ ಕಾನೂನಿಗೆ ಸಾಕು. ಆದರೆ ಕತ್ತಲೆಯಲ್ಲಿ ಕಾರು ಕೆಟ್ಟರೆ ಕೆಳಗಿಳಿಯುವವರು ಒಬ್ಬರೇ ಅಲ್ಲವಲ್ಲ. ಸೀಟಿಗೊಂದು ಇಡಿ, ಡಿಕ್ಕಿಯಲ್ಲಲ್ಲ, ಕೈಗೆಟುಕುವ ಬಾಗಿಲ ಜೇಬಿನಲ್ಲಿ.

ಎರಡನೆಯದು ಚಳಿಗಾಲದ ಟೈರು. ಇದಕ್ಕೆ ಖರ್ಚು ಮಾಡಿ, ಹೊಳೆಯುವ ಅಲಾಯ್ ಚಕ್ರಕ್ಕಲ್ಲ. ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎಂಬುದು ಇಲ್ಲಿಯವರ ರೂಢಿ. ಕಾನೂನು ತಾರೀಖು ಹೇಳುವುದಿಲ್ಲ, ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದರೆ ಟೈರು ಇರಲೇಬೇಕು ಎನ್ನುತ್ತದೆ. 2024ರ ಅಕ್ಟೋಬರಿನಿಂದ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹೂವಿನ ಗುರುತಿರುವ ಟೈರಿಗೆ ಮಾತ್ರ ಮಾನ್ಯತೆ. ಟೈರಿನ ಗೆರೆಯ ಆಳ ಕಾನೂನಿಗೆ 1.6 ಮಿಲಿಮೀಟರ್ ಸಾಕು, ಹಿಮಕ್ಕೆ 4 ಇದ್ದರೆ ಒಳ್ಳೆಯದು. ನಾಲ್ಕು ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುವ ಕಾರಿದ್ದರೆ ಟೈರು ಬೇಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಶಕ್ತಿ ಕಾರನ್ನು ಹೊರಡಿಸುತ್ತದೆ, ನಿಲ್ಲಿಸುವುದು ಟೈರೇ. ಅಂದ ಹಾಗೆ, ನಮ್ಮ ಕಾರಿನ ಪೆಟ್ರೋಲ್ ಮುಚ್ಚಳದ ಒಳಗೆ ಮಂಜು ಕೆರೆಯುವ ಪುಟ್ಟ ಸಾಧನವಿದೆ, ಅದರಲ್ಲೇ ಟೈರಿನ ಆಳ ಅಳೆಯುವ ಗುರುತೂ ಇದೆ. ಎರಡು ತಿಂಗಳು ನಾನು ಹಳೆಯ ಪ್ಲಾಸ್ಟಿಕ್ ಕಾರ್ಡಿನಲ್ಲಿ ಗಾಜು ಕೆರೆದ ಮೇಲೆ ಮಗಳು ಅದನ್ನು ಕಂಡುಹಿಡಿದಳು. ಕೈಪಿಡಿ ಓದಿ ಮಕ್ಕಳೇ.

ಮೂರನೆಯದು ಮಾಳಿಗೆಯ ಮೇಲಿನ ಪೆಟ್ಟಿಗೆ. ಊರಿಂದ ಬಂದವರನ್ನು ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಕರೆತರಲು ಬೇಕೆಂದು ಅಪ್ಪಂದಿರು ಹಟ ಮಾಡುತ್ತಾರೆ. ಲೆಕ್ಕ ಹಾಕಿ. ನಮ್ಮ ಕಾರಿನ ಛಾವಣಿ ಹೊರಬಹುದಾದದ್ದು 75 ಕಿಲೋ. ಅಡ್ಡಪಟ್ಟಿ ಮತ್ತು ಪೆಟ್ಟಿಗೆಯ ತೂಕವೇ ಸುಮಾರು 25. ಉಳಿದದ್ದು 50. ಅಂದರೆ ವಿಮಾನದ 23 ಕಿಲೋ ಸೂಟ್‌ಕೇಸು ಎರಡೇ ಎರಡು. ಅಜ್ಜಿಯ ಉಪ್ಪಿನಕಾಯಿ ಭರಣಿ ಕೆಳಗೇ ಬರಬೇಕು. ಭಾರ ಮೇಲೆ ಹೋದಷ್ಟೂ ತಿರುವಿನಲ್ಲಿ ಎತ್ತರದ ಕಾರು ವಾಲುತ್ತದೆ.

ಡ್ಯಾಶ್‌ಬೋರ್ಡಿನ ಗಣಪತಿಗೂ ಒಂದು ಮಾತು. ಅವನು ನಮ್ಮ ಕಾರಿನಲ್ಲೂ ಇದ್ದಾನೆ. ಆದರೆ ಪಕ್ಕದ ಸೀಟಿನ ಮುಂದೆ 'ಏರ್‌ಬ್ಯಾಗ್' ಎಂದು ಬರೆದ ಜಾಗದ ಮೇಲೆ ಅಂಟಿಸಬೇಡಿ. ಅಪಘಾತವಾದರೆ ಆ ಚೀಲ ರೆಪ್ಪೆ ಬಡಿಯುವ ಮೊದಲೇ ಬಿಚ್ಚಿಕೊಳ್ಳುತ್ತದೆ, ಮೇಲಿರುವ ಮೂರ್ತಿ ಗುಂಡಿನಂತೆ ಹಾರುತ್ತದೆ. ನಮ್ಮ ಗಣಪ ಈಗ ಮಧ್ಯದ ಕಪ್ ಹೋಲ್ಡರಿನಲ್ಲಿ ಬೆಚ್ಚಗೆ ಕುಳಿತಿದ್ದಾನೆ. ಸೀಟಿಗೆ ಕವಚ ಹೊಲಿಸುವಾಗಲೂ ಜೋಪಾನ, ಪಕ್ಕದ ಏರ್‌ಬ್ಯಾಗು ಸೀಟಿನೊಳಗಿಂದಲೇ ಬರುತ್ತದೆ. ಮುಂದಿನ ಕಿಟಕಿಗಳಿಗೆ ಕಪ್ಪು ಹಾಳೆ ಅಂಟಿಸುವಂತಿಲ್ಲ. ಚಕ್ರ, ದೀಪ, ಸೈಲೆನ್ಸರ್ ಬದಲಿಸಬೇಕೆಂದರೆ ಅನುಮತಿ ಪತ್ರ ಇದೆಯೇ ಎಂದು ಅಂಗಡಿಯಲ್ಲೇ ಕೇಳಿ. ಊರಿನಿಂದ ಮಾವ ತಂದ ನೀಲಿ ದೀಪದ ಸರ ದೀಪಾವಳಿಗೆ ಮನೆಯೊಳಗೆ ಚೆನ್ನ. ಫೋನಿಗೆ ಒಂದು ಗಟ್ಟಿ ಹಿಡಿಕೆ ಕೊಳ್ಳಿ. ಓಡಿಸುವಾಗ ಫೋನು ಕೈಯಲ್ಲಿ ಸಿಕ್ಕಿದರೆ 100 ಯೂರೋ ದಂಡ, ಮೇಲೆ ಒಂದು ಪಾಯಿಂಟು.

ಮಗಳಿಗೆ ಈ ವಸಂತದಲ್ಲಿ ಹದಿನೇಳು ತುಂಬಿತು. ಲೈಸೆನ್ಸ್ ಪರೀಕ್ಷೆ ಪಾಸಾದಳು. ಹದಿನೇಳರಲ್ಲಿ ಓಡಿಸಬೇಕಾದರೆ ಪತ್ರದಲ್ಲಿ ಹೆಸರಿರುವ ಹಿರಿಯರು ಪಕ್ಕದಲ್ಲಿ ಕೂರಬೇಕು. ಅವರಿಗೆ ಮೂವತ್ತು ದಾಟಿರಬೇಕು, ಐದು ವರ್ಷ ಲೈಸೆನ್ಸ್ ಇರಬೇಕು, ಪಾಯಿಂಟು ಒಂದಕ್ಕಿಂತ ಹೆಚ್ಚಿರಬಾರದು. ನಮ್ಮ ಮನೆಯಲ್ಲಿ ಆ ಹಿರಿಯಳು ನಾನು. ನಾನು ಇಲ್ಲಿಗೆ ಬಂದಾಗ ಭಾರತದ ಲೈಸೆನ್ಸು ಆರೇ ತಿಂಗಳು ನಡೆಯಿತು. ಆಮೇಲೆ ಎರಡೂ ಪರೀಕ್ಷೆ ಮತ್ತೆ ಬರೆಯಬೇಕಾಯಿತು. ಬಲದಿಂದ ಬಂದವರಿಗೆ ದಾರಿ ಬಿಡಬೇಕೆಂಬ ನಿಯಮ ಮರೆತು ಮೊದಲ ಸಲ ಫೇಲಾದೆ. ಆ ದಿನ ಹಿಂದಿನ ಸೀಟಿಗೆ ಕಟ್ಟುತ್ತಿದ್ದ ಮಗು ಈಗ ಪಕ್ಕದಲ್ಲಿ ಕುಳಿತು ಓಡಿಸುತ್ತಾಳೆ. ರೈನ್ ನದಿ ದಾಟಿ ಫ್ರಾನ್ಸಿಗೆ ಹೋಗುವಾಗ ಮಾತ್ರ ಆ ಪತ್ರ ನಡೆಯುವುದಿಲ್ಲ, ಸ್ಟೀರಿಂಗ್ ಅಮ್ಮನಿಗೆ ಬರುತ್ತದೆ.

ಕಳೆದ ವಾರ ಒಂದು ಸಣ್ಣ ಅಡ್ಡರಸ್ತೆಯಲ್ಲಿ ನಾನು "ಹೋಗು, ಯಾರೂ ಇಲ್ಲ" ಎಂದೆ. ಅವಳು ಬ್ರೇಕ್ ಒತ್ತಿ, "ಬಲಗಡೆ ನೋಡಮ್ಮಾ" ಎಂದಳು. ಒಂದು ಸೈಕಲ್ಲು ಹಾದುಹೋಯಿತು. ನಾನು ಸುಮ್ಮನೆ ಕುಳಿತೆ. ಕಾರಿನಲ್ಲಿ ಹಿರಿಯರ ಮಾತು ಕೇಳಿ, ಆದರೆ ನಿಮ್ಮ ಕಣ್ಣಿಗೆ ಕಂಡದ್ದನ್ನು ಅವರಿಗೆ ಹೇಳುವುದಕ್ಕೆ ಹಿಂಜರಿಯಬೇಡಿ. ಹಾಗೆಯೇ ನಿಮ್ಮಮ್ಮ ಏನಾದರೂ ಬರೆಯಲು ಹೊರಟಾಗ "ಅಳಿಸು" ಎಂದು ಹೇಳಬೇಕಾಗಿ ಬಂದರೆ ಹೇಳಿ, ಆಮೇಲೆ ಒಂದು ನಿಮಿಷ ಪಕ್ಕದಲ್ಲಿ ನಿಂತು ಆ ಪದದ ಅರ್ಥವನ್ನೂ ಕೇಳಿ.

ಒತ್ತಕ್ಷರ ತಪ್ಪಿದರೆ ಶನಿವಾರ ಬನ್ನಿ, ತಿದ್ದೋಣ. ಎಲ್ಲರಿಗೂ ಸ್ವಸ್ತಿ.