ಆಸ್ಪತ್ರೆಯವರೆಗಿನ ದಾರಿ

(ತೀವ್ರ ಕಾಯಿಲೆಯಿಂದ ಬಳಲುತ್ತಿರುವ ಮಕ್ಕಳ ನೆರವಿಗಾಗಿ ಮಲೆನಾಡಿನ ಹಾಗೂ ರಾಯಚೂರು ಜಿಲ್ಲೆಯ ವಿದ್ಯಾರ್ಥಿಗಳು ಸಿಂಧನೂರಿನಿಂದ ಮಸ್ಕಿಯ ಮಾರ್ಗವಾಗಿ ಲಿಂಗಸುಗೂರಿನವರೆಗೆ ಕೈಗೊಂಡ ಕಾಲ್ನಡಿಗೆಯ ಸಮಾರೋಪದಲ್ಲಿ ಮಾಡಿದ ಭಾಷಣದ ಬರಹರೂಪ)



ಐವತ್ತು ಕಿಲೋಮೀಟರಿಗೆ ಮಿಕ್ಕ ದಾರಿಯನ್ನು ನೀವು ನಡೆದು ಮುಗಿಸಿದ್ದೀರಿ. ಸಂಗ್ರಹವಾದ ಹಣದ ಲೆಕ್ಕವನ್ನು ಸಂಘಟಕರು ಈಗಾಗಲೇ ಓದಿದ್ದಾರೆ. ಈ ಹಣದಲ್ಲಿ ಆಸ್ಪತ್ರೆಗೊಂದು ಯಂತ್ರವನ್ನು ಕೊಡಿಸೋಣ ಎಂಬ ಸಲಹೆಯೂ ಬಂದಿದೆ. ಸಲಹೆಯ ಹಿಂದಿನ ಸದುದ್ದೇಶವನ್ನು ಗೌರವಿಸುತ್ತಲೇ ನಾನು ಅದಕ್ಕೆ ಅಸಮ್ಮತಿ ಸೂಚಿಸಬೇಕಾಗಿದೆ. ನಾನು ವೈದ್ಯನಲ್ಲ, ನೀರು ಮತ್ತು ಪೈರಿನ ಲೆಕ್ಕವನ್ನು ಬಲ್ಲ ಕೃಷಿ ವಿಜ್ಞಾನಿ. ಆ ಲೆಕ್ಕದಿಂದಲೇ ಹೇಳುತ್ತೇನೆ.

ರೋಗಿಗಳಿಗಾಗಿ ಓಡುವ, ನಡೆಯುವ ಪದ್ಧತಿಗೆ ಲೋಕಪ್ರಸಿದ್ಧಿ ತಂದವನು ಕೆನಡಾದ ಟೆರಿ ಫಾಕ್ಸ್. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲನ್ನು ಕಳೆದುಕೊಂಡ ಈ ತರುಣ, 1980ರ ಏಪ್ರಿಲ್‌ನಲ್ಲಿ ಕೃತಕ ಕಾಲಿನಿಂದಲೇ ಓಟವನ್ನಾರಂಭಿಸಿ 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿದ. ರೋಗವು ಶ್ವಾಸಕೋಶಕ್ಕೆ ಹರಡಿದಾಗ ಓಟ ನಿಂತಿತು; ಮರುವರ್ಷ ಆತ ತೀರಿಕೊಂಡ. ಆತ ಹಣ ಬೇಡಿದ್ದು ಸಂಶೋಧನೆಗಾಗಿ. ಅಂದಿಗೆ ಅದು ಸರಿಯಾಗಿಯೇ ಇತ್ತು. ಇಂದು ಮಕ್ಕಳ ಅನೇಕ ಕ್ಯಾನ್ಸರುಗಳಿಗೆ ಔಷಧವಿದೆ. ವಿಶ್ವ ಆರೋಗ್ಯ ಸಂಸ್ಥೆಯು ಹೇಳುವಂತೆ ಶ್ರೀಮಂತ ದೇಶಗಳಲ್ಲಿ ಇಂತಹ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಗುಣಮುಖರಾಗುತ್ತಾರೆ. ಕಡಿಮೆ ಹಾಗೂ ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ ಶೇ. 30ಕ್ಕಿಂತಲೂ ಕಡಿಮೆ. ರೋಗ ತಡವಾಗಿ ಪತ್ತೆಯಾಗುವುದು, ಔಷಧ ದೊರೆಯದಿರುವುದು ಇದಕ್ಕೆ ಕಾರಣಗಳು. ಚಿಕಿತ್ಸೆಯನ್ನು ನಡುವಿನಲ್ಲಿಯೇ ಕೈಬಿಡುವುದು ಇನ್ನೊಂದು ದೊಡ್ಡ ಕಾರಣ.

ಏಕೆ ಕೈಬಿಡುತ್ತಾರೆ? ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಬೇಕು. ಮೊದಲ ತಿಂಗಳುಗಳಲ್ಲಿಯೇ ಮಗು ಚೇತರಿಸಿಕೊಂಡು ಆಟವಾಡತೊಡಗುತ್ತದೆ. ಆಗ ಮನೆಯವರಿಗೆ ರೋಗ ಹೋಯಿತೆಂದೇ ಅನ್ನಿಸುತ್ತದೆ, ಆದರೆ ಅದು ಒಳಗೆ ಉಳಿದಿರಬಹುದು. ತೀವ್ರ ಥಲಸ್ಸೀಮಿಯಾ ಇರುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಅದಕ್ಕೆ ಕೊನೆಯ ದಿನವೆಂಬುದೇ ಇಲ್ಲ. ಸಿಂಧನೂರಿನಿಂದ ರಾಯಚೂರಿಗೆ ಸುಮಾರು 85 ಕಿಲೋಮೀಟರ್, ಲಿಂಗಸುಗೂರಿನಿಂದ 90ರಷ್ಟು. ಅದಕ್ಕೂ ಮೇಲಿನ ಚಿಕಿತ್ಸೆಯೆಂದರೆ ಕಲಬುರಗಿ, ಇಲ್ಲವೇ ರಾತ್ರಿಯಿಡೀ ಪಯಣಿಸಿ ಬೆಂಗಳೂರಿನ ಕಿದ್ವಾಯಿ. ಸಿಂಧನೂರಿಗೆ ಪ್ರಯಾಣಿಕರ ರೈಲು ಬಂದದ್ದೇ 2024ರಲ್ಲಿ. ಮಗುವಿನೊಡನೆ ತಾಯಿ ಹೋಗಬೇಕು, ಅವಳ ಕೂಲಿ ಹೋಯಿತು. ತಂದೆಯೂ ಹೋದರೆ ಎರಡು ಕೂಲಿ. ಮನೆಯಲ್ಲುಳಿದ ಮಕ್ಕಳನ್ನು ಅಜ್ಜಿ ನೋಡಬೇಕು. ಬಿತ್ತನೆಯ ಕಾಲವಾದರೆ ಕೇಳುವುದೇ ಬೇಡ.

2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯು ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆಯನ್ನು ಕೊಡುತ್ತದೆ. ಇದು ಸಣ್ಣ ಮಾತಲ್ಲ. ಆದರೆ ಕಳೆದುಹೋದ ಕೂಲಿ, ತಿಂಗಳುಗಟ್ಟಲೆ ಊರಾಚೆ ಉಳಿಯುವ ಬಾಡಿಗೆ ಅದರ ಲೆಕ್ಕಕ್ಕೆ ಬರುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ ಸುಮಾರು 227 ಕಿಲೋಮೀಟರ್. ಅಣೆಕಟ್ಟಿನಲ್ಲಿ ಎಷ್ಟು ಟಿ.ಎಂ.ಸಿ. ಇದೆಯೆಂದು ಪತ್ರಿಕೆಗಳು ದಿನವೂ ಬರೆಯುತ್ತವೆ. ಕೊನೆ ಭಾಗದ ರೈತನಾದರೋ ತನ್ನ ತೂಬಿಗೆ ಬಂದುದನ್ನಷ್ಟೇ ನೀರೆಂದು ಎಣಿಸುತ್ತಾನೆ. ಇಲ್ಲಿಯವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಯಂತ್ರವನ್ನು ಕೊಡಿಸುವುದೆಂದರೆ ಅಣೆಕಟ್ಟಿಗೆ ಇನ್ನೊಂದು ಕೊಡ ನೀರು ಹೊಯ್ದಂತೆ.

ಮಲೆನಾಡಿನವರಿಗೂ ಇದು ಹೊಸತಲ್ಲ. ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಬಸ್ಸಿನ ರಸ್ತೆ ಸೇರಿಸುವ ಹಳ್ಳಿಗಳು ನಮ್ಮ ಘಟ್ಟದಲ್ಲಿ ಇನ್ನೂ ಇವೆ. ಕನ್ನಡಿಗರೂ ಇರುವ ಕಾಸರಗೋಡಿನಲ್ಲಿ 2020ರ ಮಾರ್ಚ್‌ನಲ್ಲಿ ಏನಾಯಿತೆಂಬುದು ನಿಮಗೆ ನೆನಪಿರಬಹುದು. ಕೊರೋನಾ ಕಾರಣದಿಂದ ನಮ್ಮ ರಾಜ್ಯವು ಗಡಿ ಮುಚ್ಚಿದಾಗ, ಮಂಗಳೂರನ್ನೇ ನಂಬಿದ್ದ ಅಲ್ಲಿಯ ರೋಗಿಗಳು ತಲಪಾಡಿಯನ್ನು ದಾಟಲಾಗದೆ ಹೋದರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ವಿಷಯವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಆಸ್ಪತ್ರೆಗಳು ಇದ್ದಲ್ಲಿಯೇ ಇದ್ದವು.

ನೀವು ಹಾದುಬಂದ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಕಂಡ ಶಿಲಾಶಾಸನದಲ್ಲಿ ಅಶೋಕನ ಹೆಸರೇ ಇದೆ. ಔಷಧದ ಮಾತು ಆ ಶಾಸನದಲ್ಲಿಲ್ಲ, ಗಿರ್ನಾರ್ ಮೊದಲಾದೆಡೆಗಳಲ್ಲಿರುವ ಆತನ ಎರಡನೆಯ ಶಿಲಾಶಾಸನದಲ್ಲಿದೆ. ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆ, ಔಷಧೀಯ ಸಸ್ಯಗಳು, ದಾರಿಯುದ್ದಕ್ಕೂ ಬಾವಿ ಮತ್ತು ಮರಗಳು, ಇವೆಲ್ಲವನ್ನೂ ಆತ ಒಂದೇ ಕಲ್ಲಿನಲ್ಲಿ ಬರೆಸಿದ್ದಾನೆ. ನೆರಳಿಲ್ಲದ ರಸ್ತೆಯಲ್ಲಿ ಈಗಷ್ಟೇ ನಡೆದು ಬಂದವರಿಗೆ ಅವನ್ನೇಕೆ ಜೊತೆಗಿರಿಸಿದನೆಂದು ತಿಳಿದೀತು.

ಆದ್ದರಿಂದ ನನ್ನ ಸಲಹೆಯಿಷ್ಟು. ಹಣವನ್ನು ಬ್ಯಾಂಕಿನಲ್ಲಿರಿಸಿ, ಈ ಮೂರು ತಾಲ್ಲೂಕುಗಳಲ್ಲಿ ದೀರ್ಘ ಚಿಕಿತ್ಸೆಯಲ್ಲಿರುವ ಮಕ್ಕಳಿಗೆ ಬಸ್ಸಿನ ಖರ್ಚು, ಜೊತೆಗೆ ಹೋಗುವವರ ಒಂದು ದಿನದ ಕೂಲಿ ಮತ್ತು ಊಟಕ್ಕೆಂದು ಪ್ರತಿ ಭೇಟಿಗೂ ಕೊಡೋಣ. ಸಣ್ಣ ಮೊತ್ತ, ಆದರೆ ತಪ್ಪದೆ. ಮುಂಬಯಿಯಲ್ಲಿ 2006ರಲ್ಲಿ ಆರಂಭವಾದ ಸೇಂಟ್ ಜೂಡ್ ಕೇಂದ್ರಗಳು ಕ್ಯಾನ್ಸರ್ ಪೀಡಿತ ಮಕ್ಕಳ ಕುಟುಂಬಗಳಿಗೆ ಉಚಿತ ವಸತಿ ಕೊಡುವುದು ಚಿಕಿತ್ಸೆ ನಡುವೆ ನಿಲ್ಲದಿರಲೆಂದೇ. ಮಕ್ಕಳ ಹೆಸರು, ಚಿತ್ರಗಳನ್ನು ಎಲ್ಲಿಯೂ ಪ್ರಕಟಿಸಬಾರದು. ಆಶಾ ಕಾರ್ಯಕರ್ತೆಯರಿಂದ ಮುಂದಿನ ಭೇಟಿಯ ದಿನಾಂಕ ತಿಳಿದುಕೊಂಡು, ಎರಡು ದಿನ ಮೊದಲು ಮನೆಗೆ ಹೋಗಿ ನೆನಪಿಸುವವರು ಬೇಕು. ಅದು ಇಲ್ಲಿಯ ವಿದ್ಯಾರ್ಥಿಗಳ ಕೆಲಸ. ಮಲೆನಾಡಿನವರು ತಮ್ಮ ಹೋಬಳಿಗಳಲ್ಲಿ ಇದನ್ನೇ ಮಾಡಬಹುದು.

ಇನ್ನೊಂದು ಮಾತು. ಚಿಕಿತ್ಸೆಗಾಗಿ ಪಯಣಿಸುವ ಕ್ಯಾನ್ಸರ್ ಮತ್ತು ಥಲಸ್ಸೀಮಿಯಾ ರೋಗಿಗಳಿಗೂ ಜೊತೆಯಲ್ಲಿ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿಯಿದೆ. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ತರಬೇಕು, ಟಿಕೆಟನ್ನು ಕೌಂಟರಿನಲ್ಲಿಯೇ ಪಡೆಯಬೇಕು. ಆ ನಮೂನೆಯ ಪ್ರತಿಗಳನ್ನು ತಂದಿದ್ದೇನೆ. ಹೊರಡುವ ಮುನ್ನ ಒಂದೊಂದನ್ನು ತೆಗೆದುಕೊಳ್ಳಿ.